ಪಿಳ್ಳಮ್ಮನ ಕೈಗುಣ

ಮುಂಗಾರಿನ ಮೊದಲ ಮಳೆ ಬಿದ್ದ ವಾರ ಕೋಡಿಹಳ್ಳಿಯ ಸೂಲಗಿತ್ತಿ ಪಿಳ್ಳಮ್ಮನಿಗೆ ಊಟ ಸೇರುತ್ತಿರಲಿಲ್ಲ. ಊರಿನ ಮಿಕ್ಕವರು ಆಕಾಶ ನೋಡಿಕೊಂಡು ನೇಗಿಲು ಸರಿಮಾಡುವ ಹೊತ್ತಿನಲ್ಲಿ ಅವಳು ಯಾರ ಹಿತ್ತಲಲ್ಲಿ ಯಾವ ಕೂಸಿನ ಬಟ್ಟೆ ಒಣಗುತ್ತಿದೆ ಎಂದು ನೋಡುತ್ತಾ ಬೀದಿ ಸುತ್ತುತ್ತಿದ್ದಳು. ಒಂದೇ ಬೆಳಿಗ್ಗೆ ಒಂದೇ ಕೂಸಿನ ಐದಾರು ಬಟ್ಟೆ ಬೇಲಿಯ ಮೇಲೆ ಬಿದ್ದಿದ್ದರೆ ಆ ಮನೆಗೆ ರಕ್ತಭೇದಿ ಕಾಲಿಟ್ಟಿತೆಂದೇ ಲೆಕ್ಕ. ಕೆರೆಗೆ ಕೆಂಪು ನೀರು ಹರಿದು ಬರುವ ಹೊತ್ತಿಗೆ ಸರಿಯಾಗಿ ವರ್ಷ ವರ್ಷವೂ ಅದು ಬರುತ್ತಿತ್ತು. ದೊಡ್ಡವರನ್ನು ನಾಲ್ಕು ದಿನ ಮಲಗಿಸಿ ಬಿಟ್ಟುಬಿಡುತ್ತಿತ್ತು. ಹಲ್ಲು ಬರುವ ಮಕ್ಕಳನ್ನು ಮಾತ್ರ ಹಾಗೆ ಬಿಡುತ್ತಿರಲಿಲ್ಲ.

ಪಿಳ್ಳಮ್ಮ ಹೆತ್ತ ಮೂವರಲ್ಲಿ ಇಬ್ಬರು ಹೀಗೆಯೇ ಹೋಗಿದ್ದರು. ಉಳಿದವನು ಚಿಕ್ಕಬೀರಪ್ಪ. ಗಂಡ ಸತ್ತ ಮೇಲೆ ಅವಳು ಆ ಮಗನ ಜೊತೆ, ಸೊಸೆ ಭಾಗ್ಯಮ್ಮನ ಜೊತೆ, ಇದ್ದ ಮೂರೆಕರೆ ಹೊಲ ನೋಡಿಕೊಂಡು ಬದುಕಿದ್ದಳು. ವಯಸ್ಸು ಐವತ್ತರ ಆಸುಪಾಸು. ಹೆರಿಗೆಯ ಕೆಲಸ ಅತ್ತೆಯಿಂದ ಕಲಿತದ್ದು. ಅವಳ ಕೈಗುಣ ಒಳ್ಳೆಯದೆಂದು ಬೂದಿಗೆರೆಯಿಂದಲೂ ಗಾಡಿ ಕಟ್ಟಿಕೊಂಡು ಬಂದು ಕರೆದೊಯ್ಯುತ್ತಿದ್ದರು. ಮಗು ಭೂಮಿಗೆ ಬಿದ್ದ ತಕ್ಷಣ ಬೆರಳು ಹಾಕಿ ಬಾಯಿ ಶುದ್ಧ ಮಾಡುವವಳು ಅವಳೇ, ಮೊದಲ ಹರಳೆಣ್ಣೆ ನೆಕ್ಕಿಸುವವಳೂ ಅವಳೇ. ಮೂರು ತಿಂಗಳು ದಿನಾ ಬಂದು, ಕಾಲು ನೀಡಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ನೀರೆರೆಯುತ್ತಿದ್ದಳು. ಆಮೇಲೆ ಬಜೆ ತೇಯ್ದು ನಾಲಿಗೆಗೆ ಸವರುತ್ತಿದ್ದಳು. ಊರಿನಲ್ಲಿ ಅವಳ ಬೆರಳು ಬಾಯಿಗೆ ಹೋಗದ ಮಗುವೇ ಇರಲಿಲ್ಲ.

ಸಾವಿರದ ಒಂಬೈನೂರ ನಲವತ್ತಮೂರರ ಮಳೆಗಾಲದಲ್ಲಿ ಕೋಡಿಹಳ್ಳಿಯಲ್ಲಿ ಏಳು ಮಕ್ಕಳು ಸತ್ತವು. ಮರುವರ್ಷ ಫೆಬ್ರವರಿಯಲ್ಲಿ ನಜೀಬುಲ್ಲಾ ಎಂಬ ಡಾಕ್ಟರು ಒಂದು ಮರದ ಪೆಟ್ಟಿಗೆ ಇಟ್ಟುಕೊಂಡು ಎತ್ತಿನ ಗಾಡಿಯಲ್ಲಿ ಊರಿಗೆ ಬಂದರು. ಮೂವತ್ತು ದಾಟಿರದ ಮನುಷ್ಯ, ದೇವನಹಳ್ಳಿಯವರು, ಆರೋಗ್ಯ ಇಲಾಖೆಯ ಕೆಲಸ. ಮಕ್ಕಳ ರಕ್ತಭೇದಿ ಎಲ್ಲಿಂದ ಬರುತ್ತದೆ, ಬರದ ಹಾಗೆ ಮಾಡುವುದು ಹೇಗೆ ಎಂದು ಒಂದು ವರ್ಷ ಈ ಊರಿನಲ್ಲೇ ಇದ್ದು ನೋಡುವುದಕ್ಕೆ ಬಂದಿದ್ದೇನೆ ಎಂದು ಪಟೇಲ ದೊಡ್ಡಮುನಿಯಪ್ಪನಿಗೆ ಹೇಳಿದರು. ಚಾವಡಿಯ ಒಂದು ಕೋಣೆ ಅವರಿಗೆ ಸಿಕ್ಕಿತು. ಪೆಟ್ಟಿಗೆಯಿಂದ ಹೊರಗೆ ಬಂದದ್ದು ಹಿತ್ತಾಳೆಯ ಒಂದು ಯಂತ್ರ. ಊರಿನವರು ಅದನ್ನು ಭೂತಕನ್ನಡಿ ಎಂದರು, ಆ ಹೆಸರೇ ಅರ್ಧ ಜನರನ್ನು ಹೆದರಿಸಿತು.

ಮಿಕ್ಕರ್ಧ ಹೆದರಿದ್ದು ಡಬ್ಬಿಗಳಿಗೆ. ಮನೆಯಲ್ಲಿ ಎಷ್ಟು ಜನವೋ ಅಷ್ಟು ತಗಡಿನ ಡಬ್ಬಿ, ಒಂದೊಂದರ ಮೇಲೆ ಒಂದೊಂದು ನಂಬರು. ಬೆಳಿಗ್ಗೆ ಬಯಲಿಗೆ ಹೋದಾಗ ಉಗುರಿನಷ್ಟು ಮಲ ಅದರಲ್ಲಿ ಹಾಕಿ ಚಾವಡಿಗೆ ತಂದುಕೊಡಬೇಕು. ಕೂದಲು, ಉಗುರು, ಉಟ್ಟ ಬಟ್ಟೆಯ ಚೂರು ಪರರ ಕೈಗೆ ಸಿಕ್ಕರೇ ಮಾಟವಾಗುತ್ತದೆಂದು ಜೋಪಾನ ಮಾಡುವ ಜನ, ಇದನ್ನು ಕೊಟ್ಟಾರೆಯೇ? ಯುದ್ಧ ನಡೆಯುತ್ತಿದ್ದ ಕಾಲ ಬೇರೆ. ಆರೋಗ್ಯವಾಗಿರುವ ಮಕ್ಕಳನ್ನು ಗುರುತು ಹಾಕಿಕೊಂಡು ಹೋಗಿ ಮುಂದೆ ಪಟಾಲಮ್ಮಿಗೆ ಸೇರಿಸುತ್ತಾರೆ ಎಂದು ಯಾರೋ ಹಬ್ಬಿಸಿದರು. ಹತ್ತು ದಿನವಾದರೂ ಒಂದು ಡಬ್ಬಿಯೂ ಚಾವಡಿಗೆ ಬರಲಿಲ್ಲ.

ಡಾಕ್ಟರು ಪಿಳ್ಳಮ್ಮನನ್ನು ಹುಡುಕಿಕೊಂಡು ಬಂದರು. ಎಲ್ಲ ಮನೆಯ ಒಳಕೋಣೆಗೂ ಹೋಗುವವಳು ನೀವೊಬ್ಬರೇ, ನೀವು ಕೇಳಿದರೆ ಕೊಡುತ್ತಾರೆ ಎಂದರು. ಪಿಳ್ಳಮ್ಮನಿಗೂ ಡಬ್ಬಿ ನೋಡಿದರೆ ಹೆದರಿಕೆಯಾಗುತ್ತಿತ್ತು. ಆದರೆ ಅವಳ ಮೊಮ್ಮಗಳಿಗೆ ಆಗ ಏಳು ತಿಂಗಳು, ಕೆಳಗಿನ ವಸಡು ಊದಿಕೊಂಡಿತ್ತು. ಮಳೆಗೆ ಇನ್ನು ಮೂರೇ ತಿಂಗಳು. ಮಾಟಕ್ಕಿಂತ ಆ ಮಳೆಯ ಭಯವೇ ದೊಡ್ಡದಾಯಿತು. ಅವಳು ಪಡುವಲ ಬೀದಿಯ ಅಮ್ಮಯಮ್ಮನ ಮನೆಗೆ ಮೊದಲು ಹೋದಳು. ಅಮ್ಮಯಮ್ಮ ತುಂಬು ಬಸುರಿ. ಅವಳ ಮೊದಲ ಮಗು ಹಿಂದಿನ ಮಳೆಗಾಲದಲ್ಲಿ ಸತ್ತ ಏಳರಲ್ಲಿ ಒಂದು. ಅವಳು ಡಬ್ಬಿ ಮುಟ್ಟಲಿಲ್ಲ. ಪಿಳ್ಳಮ್ಮನಿಗೆ ಬೇರೆ ದಾರಿ ತೋಚದೆ, ನಾನೇ ಮೊದಲು ಕೊಡುತ್ತೇನೆ, ನನಗೇನಾದರೂ ಆದರೆ ನೀವು ಯಾರೂ ಕೊಡಬೇಡಿ ಎಂದು ಎಲ್ಲರ ಮುಂದೆ ಹೇಳಿ, ಮಾರನೆಯ ಬೆಳಿಗ್ಗೆ ತನ್ನ ಡಬ್ಬಿಯನ್ನು ಚಾವಡಿಯಲ್ಲಿಟ್ಟು ಬಂದಳು. ಒಂದು ವಾರ ಊರು ಅವಳ ಮುಖ ನೋಡಿತು. ಅವಳು ಎಂದಿನಂತೆ ಓಡಾಡಿಕೊಂಡಿದ್ದಳು. ಆಮೇಲೆ ಒಂದೊಂದೇ ಡಬ್ಬಿ ಬಂದವು.

ಮಾರ್ಚಿ ತಿಂಗಳ ಒಂದು ಬೆಳಿಗ್ಗೆ ಅವಳು ಪಡಸಾಲೆಯಲ್ಲಿ ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ರಾಗಿಸರಿಯನ್ನು ಬೆರಳಲ್ಲಿ ಅದ್ದಿ ತಿನ್ನಿಸುತ್ತಿದ್ದಾಗ ಡಾಕ್ಟರು ಬಾಗಿಲಲ್ಲಿ ನಿಂತರು. ಅವರು ಮಗುವನ್ನು ನೋಡಲಿಲ್ಲ, ಅವಳ ಬೆರಳನ್ನು ನೋಡಿದರು.

"ಪಿಳ್ಳಮ್ಮನೋರೆ, ಮಗೂನ ಸೊಸೆ ಕೈಗೆ ಕೊಟ್ಟು ಒಂದು ಗಳಿಗೆ ಚಾವಡಿ ಹತ್ರ ಬನ್ನಿ," ಎಂದರು.

ಚಾವಡಿಯಲ್ಲಿ ಅವಳನ್ನು ಯಂತ್ರದ ಮುಂದೆ ಕೂರಿಸಿ ಒಂದು ಕಣ್ಣು ಮುಚ್ಚಿಕೊಂಡು ನೋಡಲು ಹೇಳಿದರು. ಮೊದಲು ಬರೀ ಬೆಳಕು ಕಂಡಿತು. ಆಮೇಲೆ ಆ ಬೆಳಕಿನಲ್ಲಿ ಗುಂಡಗಿನ ಮಣಿಗಳಂಥವು ಕಂಡವು, ಒಂದೊಂದರ ಒಳಗೂ ಸಣ್ಣ ಸಣ್ಣ ಚುಕ್ಕೆ. ಸುಮ್ಮನೆ ಇದ್ದವು. ಕಣ್ಣು ಬಿಟ್ಟುಕೊಂಡು ತನ್ನನ್ನೇ ನೋಡುತ್ತಿವೆ ಎನಿಸಿ ಅವಳು ಹಿಂದಕ್ಕೆ ಸರಿದಳು. ಆಮಶಂಕೆ, ರಕ್ತಭೇದಿ ತರುವ ಕ್ರಿಮಿ ಇದು ಎಂದು ಡಾಕ್ಟರು ಹೇಳಿದರು. ಇದು ಯಾವ ಮಗುವಿನದು ಎಂದು ಅವಳು ಕೇಳಿದಳು.

"ಮಗೂದಲ್ಲ. ನಿಮ್ಮದು."

ಅವಳಿಗೆ ಮೊದಲು ಅದು ಅರ್ಥವೇ ಆಗಲಿಲ್ಲ. ನನಗೆ ಹೊಟ್ಟೆನೋವಿಲ್ಲ, ಭೇದಿಯಿಲ್ಲ, ನಾನು ಗಟ್ಟಿಯಾಗಿಯೇ ಇದ್ದೇನಲ್ಲ ಎಂದಳು. ಡಾಕ್ಟರು ಮೆಲ್ಲಗೆ ಬಿಡಿಸಿ ಹೇಳಿದರು. ಕೆಲವರ ಹೊಟ್ಟೆಯಲ್ಲಿ ಅದು ವರ್ಷಗಟ್ಟಲೆ ಏನೂ ಮಾಡದೆ ಕೂತಿರುತ್ತದೆ. ಅವರಿಗೆ ಗೊತ್ತೂ ಆಗುವುದಿಲ್ಲ. ಬಯಲಿಗೆ ಹೋಗಿ ಬಂದು ಬರೀ ನೀರಲ್ಲಿ ತೊಳೆದ ಕೈಯ ಉಗುರುಸಂದಿಯಲ್ಲಿ ಅದು ಉಳಿಯುತ್ತದೆ. ಆ ಕೈ ಇನ್ನೊಬ್ಬರ ಬಾಯಿಗೆ ಹೋದರೆ ಅಲ್ಲಿ ಹೋಗಿ ತನ್ನ ಕೆಲಸ ಶುರುಮಾಡುತ್ತದೆ.

ಪಿಳ್ಳಮ್ಮ ತನ್ನ ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

"ಹಂಗಾದ್ರೆ ಹೋದ ವರ್ಷ ಹೋದ ಮಕ್ಳು?"

ಡಾಕ್ಟರು ಅವಳ ಮುಖ ನೋಡಿಯೇ ಉತ್ತರ ಕೊಟ್ಟರು. "ಗೊತ್ತಿಲ್ಲಮ್ಮ. ಊರಲ್ಲಿ ಇನ್ನೂ ಒಂಬತ್ತು ಜನ ದೊಡ್ಡವರಲ್ಲಿ ಇದೇ ಸಿಕ್ಕಿದೆ. ಬಾವಿ ನೀರಿದೆ, ನೊಣ ಇದೆ, ರಕ್ತಭೇದಿ ತರೋ ಕ್ರಿಮಿ ಬೇರೆ ಜಾತಿದೂ ಇದೆ. ನಿಮ್ಮಿಂದ್ಲೇ ಬಂತು ಅಂತ ಹೇಳೋಕಾಗಲ್ಲ. ಅಲ್ಲ ಅಂತಲೂ ಹೇಳೋಕಾಗಲ್ಲ."

ಹೌದು ಎಂದಿದ್ದರೆ ಅವಳು ಅಲ್ಲೇ ಕೂತು ಅತ್ತುಬಿಡುತ್ತಿದ್ದಳೇನೋ. ಇಲ್ಲ ಎಂದಿದ್ದರೆ ಎದ್ದು ಮನೆಗೆ ಹೋಗುತ್ತಿದ್ದಳು. ಎರಡೂ ಅಲ್ಲದ ಆ ಮಾತನ್ನು ಹೊತ್ತುಕೊಂಡು ಚಾವಡಿಯ ಮೆಟ್ಟಿಲಿಳಿಯುವಾಗ ಅವಳಿಗೆ ಬೀದಿಯ ಎರಡೂ ಕಡೆಯ ಬಾಗಿಲುಗಳು ಕಂಡವು. ಈ ಮನೆಯ ಮಗು, ಆ ಮನೆಯ ಮಗು, ಅಮ್ಮಯಮ್ಮನ ಮಗು. ಕೊನೆಗೆ, ತಡೆಯಲಾರದೆ, ತಾನು ಹೆತ್ತ ಆ ಎರಡು. ಅವಕ್ಕೂ ರಾಗಿಸರಿ ತಿನ್ನಿಸಿದ್ದು ಇದೇ ಬೆರಳು.

ಹನ್ನೆರಡು ದಿನದ ಮಾತ್ರೆ ಕೊಟ್ಟರು. ನುಂಗಿದ ಅರ್ಧ ಗಂಟೆಗೆ ಹೊಟ್ಟೆ ತೊಳಸಿ ಕಣ್ಣು ಕತ್ತಲಿಡುತ್ತಿತ್ತು. ವಿಷಯ ಯಾರಿಗೂ ಹೇಳುವುದಿಲ್ಲವೆಂದು ಡಾಕ್ಟರು ಮಾತು ಕೊಟ್ಟಿದ್ದರು. ಸೋಪು ಸಿಗುವುದು ಕಷ್ಟವಾದ್ದರಿಂದ ಒಲೆಯ ಬೂದಿಯಲ್ಲಿ ಉಗುರುಸಂದಿಯವರೆಗೂ ಉಜ್ಜಿ, ಕಾಯಿಸಿದ ನೀರಿನಲ್ಲಿ ತೊಳೆದುಕೊಳ್ಳಿ ಎಂದು ಅವರೇ ಎದುರು ನಿಂತು ತೋರಿಸಿದರು. ಅವಳು ದಿನಕ್ಕೆ ಹತ್ತು ಸಲ ತೊಳೆದಳು, ಇಪ್ಪತ್ತು ಸಲ ತೊಳೆದಳು. ಚರ್ಮ ಬಿರಿದು ಉರಿಯಿತು. ಆದರೂ ನಂಬಿಕೆ ಬರಲಿಲ್ಲ. ಅಡುಗೆಮನೆಗೆ ಕಾಲಿಡುವುದನ್ನು ಬಿಟ್ಟಳು. ಕೊಟ್ಟಿಗೆಯ ಪಕ್ಕದ ಜಗಲಿಗೆ ಚಾಪೆ ಒಯ್ದಳು. ಮೊಮ್ಮಗಳು ಅಂಬೆಗಾಲಿಟ್ಟು ಹತ್ತಿರ ಬಂದರೆ ಎದ್ದು ದೂರ ಹೋಗುತ್ತಿದ್ದಳು, ಮಗು ಬಿಕ್ಕಿ ಬಿಕ್ಕಿ ಅಳುತ್ತಿತ್ತು. ನಾಲ್ಕು ದಿನ ನೋಡಿದ ಭಾಗ್ಯಮ್ಮ ಐದನೆಯ ದಿನ, ನನ್ನ ಮಗು ನಿಮಗೇನು ಮಾಡಿತು ಅತ್ತೆ ಎಂದು ಕೇಳಿಯೇಬಿಟ್ಟಳು. ಪಿಳ್ಳಮ್ಮ ಎದ್ದು ಹಿತ್ತಲಿಗೆ ಹೋದಳು. ಹೇಳಿದರೆ ಸಂಜೆಯೊಳಗೆ ಊರೆಲ್ಲ ಹಬ್ಬುತ್ತದೆ, ಮಕ್ಕಳನ್ನು ಕಳೆದುಕೊಂಡ ಏಳು ಮನೆಯ ಹೆಂಗಸರು ಬಂದು ಬಾಗಿಲಲ್ಲಿ ನಿಲ್ಲುತ್ತಾರೆ ಎಂಬ ಚಿತ್ರ ಅವಳ ಕಣ್ಣಿಗೆ ಕಟ್ಟಿತ್ತು. ಬಾಗಿಲ ಹತ್ತಿರ ಯಾರದಾದರೂ ಕಾಲಸಪ್ಪಳ ಕೇಳಿದರೆ ಬೆವರುತ್ತಿದ್ದಳು.

ಹತ್ತನೆಯ ದಿನ ನಡುಮಧ್ಯಾಹ್ನ ಅಮ್ಮಯಮ್ಮನ ಅತ್ತೆ ಓಡಿ ಬಂದಳು. ನೋವು ಬೆಳಿಗ್ಗೆಯೇ ಶುರುವಾಗಿದೆ, ಕೂಸಿನ ಕಾಲು ಮುಂದೆ ಬಂದಿದೆ ಎಂದಳು. ಪಿಳ್ಳಮ್ಮ ಬರುವುದಿಲ್ಲ ಎಂದಳು. ಮೈ ಸರಿಯಿಲ್ಲ, ಬೂದಿಗೆರೆಯಿಂದ ಯಾರನ್ನಾದರೂ ಕರೆತನ್ನಿ ಎಂದಳು. ಡಾಕ್ಟರನ್ನು ಕರೆಯೋಣವೆಂದರೆ ಅವರು ಆ ದಿನ ಬೆಂಗಳೂರಿಗೆ ಹೋಗಿದ್ದರು. ಅಮ್ಮಯಮ್ಮನ ಅತ್ತೆ ನೆಲಕ್ಕೆ ಕುಸಿದು ಅವಳ ಕಾಲು ಹಿಡಿದುಕೊಂಡಳು. ಪಡುವಲ ಬೀದಿಯಿಂದ ಅಮ್ಮಯಮ್ಮನ ಕೂಗು ಕೇಳಿಸುತ್ತಲೇ ಇತ್ತು. ಪಿಳ್ಳಮ್ಮ ಹೋದಳು.

ಹೋದವಳು ನೇರವಾಗಿ ಒಲೆಯ ಮುಂದೆ ಕೂತಳು. ನೀರು ಕುದಿಸಿದಳು. ಬೂದಿ ಹಾಕಿ ಮೊಣಕೈವರೆಗೂ ಉಜ್ಜಿದಳು, ತೊಳೆದಳು, ಮತ್ತೆ ಉಜ್ಜಿದಳು. ಒಳಗಿನಿಂದ ಕರೆಯುತ್ತಿದ್ದರು. ಅವಳು ಇನ್ನೊಂದು ಚೊಂಬು ನೀರು ಹೊಯ್ದುಕೊಂಡಳು. ಕೋಣೆಗೆ ಹೋಗಿ ಅಮ್ಮಯಮ್ಮನ ಪಕ್ಕ ಮಂಡಿಯೂರಿದಳು, ಆದರೆ ಮುಟ್ಟಲಿಲ್ಲ. ಮಿಕ್ಕ ಹೆಂಗಸರನ್ನು ಹೊರಗೆ ಕಳಿಸಿ ಬಗ್ಗಿ ಅವಳ ಕಿವಿಯ ಹತ್ತಿರ ಎಲ್ಲವನ್ನೂ ಹೇಳಿಬಿಟ್ಟಳು. ಭೂತಕನ್ನಡಿಯಲ್ಲಿ ಕಂಡದ್ದು, ಅದು ತನ್ನ ಹೊಟ್ಟೆಯದೇ ಎಂಬುದು, ನಿನ್ನ ಮೊದಲ ಮಗುವಿಗೆ ಬಜೆ ಸವರಿದ್ದು ಇದೇ ಬೆರಳು ಎಂಬುದು. ನೋವಿನ ಮಧ್ಯೆ ಅಮ್ಮಯಮ್ಮನಿಗೆ ಎಷ್ಟು ಕೇಳಿಸಿತೋ ಎಷ್ಟು ಇಲ್ಲವೋ. ಅವಳು ಕಣ್ಣು ತೆರೆದು ಪಿಳ್ಳಮ್ಮನ ಮುಖವನ್ನು ಒಮ್ಮೆ ದಿಟ್ಟಿಸಿದಳು. ಆ ನೋಟವನ್ನು ಪಿಳ್ಳಮ್ಮ ಸಾಯುವ ತನಕ ಮರೆಯಲಿಲ್ಲ.

"ಈಗ ಕೈ ತೊಳ್ಕೊಂಡಿದೀಯಾ?" ಎಂದು ಅಮ್ಮಯಮ್ಮ ಕೇಳಿದಳು.

"ತೊಳ್ಕೊಂಡಿದೀನಿ."

"ಹಂಗಾದ್ರೆ ಹಿಡಿ ಪಿಳ್ಳಕ್ಕ. ನಂಗಿನ್ನು ತಡಿಯೋಕಾಗಲ್ಲ."

ಕಾಲು ಮುಂದಾದ ಕೂಸನ್ನು ಇಳಿಸಿಕೊಳ್ಳುವುದು ಅವಳಿಗೆ ಗೊತ್ತಿದ್ದ ಕೆಲಸವೇ. ಕೈ ತನ್ನಷ್ಟಕ್ಕೆ ತಾನು ಮಾಡಿತು. ಗಂಡುಮಗು. ಸ್ವಲ್ಪ ನೀಲಿಯಾಗಿತ್ತು, ಬೆನ್ನು ಉಜ್ಜಿದ ಮೇಲೆ ಅತ್ತಿತು. ಬಾಯಿ ಶುದ್ಧ ಮಾಡುವ ಹೊತ್ತು ಬಂದಾಗ ಅವಳು ಬೆರಳು ಹಾಕಲಿಲ್ಲ, ಕುದಿಸಿದ ಬಟ್ಟೆಯ ತುದಿಯಲ್ಲಿ ಒರೆಸಿದಳು. ಹರಳೆಣ್ಣೆ ನೆಕ್ಕಿಸಲಿಲ್ಲ. ಅಮ್ಮಯಮ್ಮನ ಅತ್ತೆ ಇದೇನು ಹೊಸ ಪದ್ಧತಿ ಎಂದಾಗ ಅಮ್ಮಯಮ್ಮನೇ ಮಲಗಿದ್ದಲ್ಲಿಂದ, ಪಿಳ್ಳಕ್ಕ ಹೇಳಿದ ಹಾಗೆಯೇ ಆಗಲಿ ಎಂದಳು. ಕೇಳಿದ ವಿಷಯವನ್ನು ಅವಳು ಯಾರ ಮುಂದೆಯೂ ಬಾಯಿಬಿಡಲಿಲ್ಲ.

ಮಾತ್ರೆ ಮುಗಿದ ಮೇಲೆ ಪಿಳ್ಳಮ್ಮ ಭಾಗ್ಯಮ್ಮನಿಗೂ ಹೇಳಿದಳು. ಭಾಗ್ಯಮ್ಮ ಮಗುವನ್ನು ಎತ್ತಿಕೊಂಡು ಒಳಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಎರಡು ದಿನ ಮಾತಿಲ್ಲ. ಮೂರನೆಯ ಬೆಳಿಗ್ಗೆ ಪಿಳ್ಳಮ್ಮ ಬಯಲಿಂದ ಬಂದಾಗ ಸೊಸೆ ಹಿತ್ತಲ ಬಾಗಿಲಲ್ಲಿ ಒಂದು ಕೈಯಲ್ಲಿ ಬೂದಿಯ ಚಿಪ್ಪು, ಇನ್ನೊಂದರಲ್ಲಿ ಬಿಸಿನೀರಿನ ಚೊಂಬು ಹಿಡಿದು ನಿಂತಿದ್ದಳು. ಅತ್ತೆಯ ಕೈಗೆ ನೀರು ಹೊಯ್ದಳು. ಆಮೇಲೆ ತಾನೂ ತೊಳೆದುಕೊಂಡಳು.

ಈ ನಡುವೆ ಡಾಕ್ಟರ ಕೆಲಸ ಮುಂದುವರಿದಿತ್ತು. ಮೂಡಲ ಬೀದಿಯ ಮನೆಗಳಿಗೆಲ್ಲ ಅವರು ಮುಚ್ಚಳದ ಮಡಕೆ, ಕೈ ಅದ್ದದೆ ನೀರು ತೆಗೆಯಲು ಉದ್ದ ಹಿಡಿಯ ಸೌಟು ಕೊಟ್ಟಿದ್ದರು. ಚಿಕ್ಕ ಮಕ್ಕಳಿಗೆ ಕಾಯಿಸಿ ಆರಿಸಿದ ನೀರು, ಕೈಗೆ ಬೂದಿ, ಹಿತ್ತಲಲ್ಲಿ ಆಳವಾದ ಗುಂಡಿಯ ಕಕ್ಕಸು. ಪಡುವಲ ಬೀದಿಗೆ ಈ ವರ್ಷ ಏನೂ ಇಲ್ಲ. ಅದು ಯಾಕೆಂದು ಪಿಳ್ಳಮ್ಮನಿಗೆ ಅವರು ಮೊದಲೇ ಹೇಳಿದ್ದರು. ಎರಡೂ ಬೀದಿಗೆ ಒಟ್ಟಿಗೆ ಮಾಡಿದರೆ ಮಕ್ಕಳು ಉಳಿದದ್ದು ಇದರಿಂದಲೋ ಮಳೆ ಸೌಮ್ಯವಾಗಿದ್ದರಿಂದಲೋ ತಿಳಿಯುವುದಿಲ್ಲ. ತಿಳಿಯದೆ ಹೋದರೆ ಮಿಕ್ಕ ಊರುಗಳಿಗೆ ಮಾಡಿಸಿ ಎಂದು ಸರ್ಕಾರವನ್ನು ಕೇಳುವುದು ಹೇಗೆ? ಪಡುವಲ ಬೀದಿಗೆ ಮುಂದಿನ ವರ್ಷ. ಆ ತನಕ ಅಲ್ಲಿ ಏನನ್ನೂ ಹೇಳಿಕೊಡಬಾರದು.

ಆಗ ಅವಳಿಗೆ ಅದು ನ್ಯಾಯವಾಗಿಯೇ ಕಂಡಿತ್ತು. ಆದರೆ ಜೂನಿನಲ್ಲಿ ಮೊದಲ ಮಳೆ ಬಿದ್ದ ದಿನ ಅವಳು ಅಮ್ಮಯಮ್ಮನ ಮನೆಯಲ್ಲಿ ಮೂರು ತಿಂಗಳ ಕೂಸಿಗೆ ನೀರೆರೆಯುತ್ತಿದ್ದಳು. ಪಕ್ಕದ ಮನೆಯ ಹೆಂಗಸು ಬಂದು ಆಡಿಸುತ್ತಾ ಕೂಸಿನ ಬಾಯಿಗೆ ಬೆರಳಿಟ್ಟಳು. ಕೂಸು ಚೀಪತೊಡಗಿತು. ಪಿಳ್ಳಮ್ಮನಿಗೆ ಕಣ್ಣಮುಂದೆ ಆ ಗುಂಡು ಮಣಿಗಳು ಬಂದು ನಿಂತವು. ಒಂಬತ್ತು ಜನ ಎಂದಿದ್ದರು ಡಾಕ್ಟರು. ಯಾರು ಯಾರೆಂದು ಹೇಳಿರಲಿಲ್ಲ, ಅವರು ಮಾತ್ರೆ ನುಂಗಿದರೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ. ಈ ಬೀದಿಯವರೆಷ್ಟು ಜನ? ಇವಳೂ ಒಬ್ಬಳೇ? ಅವಳು ಆ ಹೆಂಗಸಿನ ಕೈಯನ್ನು ಕಿತ್ತು ತೆಗೆದಳು. ಅವತ್ತು ಸಂಜೆಯೊಳಗೆ ಪಡುವಲ ಬೀದಿಯ ಹದಿನಾರು ಮನೆಗೂ ಹೋಗಿ ಬೂದಿ, ಬಿಸಿನೀರು, ಆರಿಸಿದ ನೀರು ಎಲ್ಲವನ್ನೂ ಹೇಳಿಕೊಟ್ಟಳು. ಡಾಕ್ಟರಿಗೆ ಹೇಳಬೇಡಿ ಎಂದೂ ಹೇಳಿದಳು. ಸೌದೆಗೆ ಕಷ್ಟ ಎಂದವರಿಗೆ ತಾನೇ ತೋಪಿನಿಂದ ಪುಳ್ಳೆ ಆರಿಸಿ ತಂದುಕೊಟ್ಟಳು.

ಇನ್ನು ಅವಳಿಗೆ ಭಯ ಎರಡಾಯಿತು. ಮಕ್ಕಳ ಭಯ ಒಂದು, ಡಾಕ್ಟರ ಭಯ ಒಂದು. ಆಗಸ್ಟಿನಲ್ಲಿ ಅವರೇ ಪಡುವಲ ಬೀದಿಯ ಹಿತ್ತಲುಗಳನ್ನು ನೋಡಿಕೊಂಡು ಬಂದು ಅವಳನ್ನು ಕರೆಸಿದರು. ಮನೆಮನೆಯಲ್ಲೂ ಬಚ್ಚಲ ಕಲ್ಲಿನ ಮೇಲೆ ಬೂದಿಯ ಚಿಪ್ಪು ಇದೆ, ಯಾರು ಹೇಳಿದ್ದು ಎಂದು ಕೇಳಿದರು. ಅವಳು ನಾನೇ ಎಂದಳು. ಇಲಾಖೆಗೆ ಬರೆದು ಪಟೇಲರಿಗೆ ಹೇಳಿ ತನ್ನನ್ನು ಊರಿನಿಂದಲೇ ಓಡಿಸುತ್ತಾರೆ ಎಂದುಕೊಂಡಿದ್ದಳು.

ಡಾಕ್ಟರು ಅಲ್ಲೇ ಕೂತುಬಿಟ್ಟರು. ಅವರ ಮುಖದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಸುಸ್ತು ಕಾಣುತ್ತಿತ್ತು. "ಆರು ತಿಂಗಳ ಕೆಲಸ ಪಿಳ್ಳಮ್ಮನೋರೆ. ಇನ್ನು ನಾನು ಏನು ಬರೆದ್ರೂ ಮೇಲಿನೋರು ಒಪ್ಪಲ್ಲ," ಎಂದರು.

"ನಿಮ್ಮ ಮಾತು ಸರಿನೇ ಸಾಮಿ. ಆದ್ರೆ ನನ್ನ ಕಣ್ಣಿಗೆ ಒಂದ್ಸಲ ತೋರಿಸ್ಬಿಟ್ರಲ್ಲ. ನೋಡಿದ್ಮೇಲೆ ಸುಮ್ನೆ ಹೆಂಗಿರ್ಲಿ?"

ಅವರು ನೋಟ್‌ಬುಕ್ಕು ತೆರೆದು, ಯಾವ ದಿನದಿಂದ, ಯಾವ ಯಾವ ಮನೆ, ಯಾರು ಮಾಡಿದರು, ಯಾರು ಬಿಟ್ಟರು ಎಂದು ಒಂದೊಂದಾಗಿ ಕೇಳಿ ಬರೆದುಕೊಂಡರು. ಅವಳು ಒಂದನ್ನೂ ಮುಚ್ಚಿಡದೆ ಹೇಳಿದಳು.

ಆ ಮಳೆಗಾಲದಲ್ಲಿ ಊರಿನಲ್ಲಿ ಇಬ್ಬರು ಮಕ್ಕಳು ಸತ್ತರು. ಒಂದು ಪಡುವಲ ಬೀದಿಯದು, ಇನ್ನೊಂದು ಮೂಡಲ ಬೀದಿಯಲ್ಲಿ ಎಲ್ಲರಿಗಿಂತ ಶುದ್ಧವಾಗಿದ್ದ ಮನೆಯದು. ಎರಡಕ್ಕೂ ಪಿಳ್ಳಮ್ಮ ಹೋಗಿ ಕೂತಳು, ಎರಡರ ಬಾಯಿಗೂ ತನ್ನ ಬೆರಳು ಯಾವತ್ತು ಹೋಗಿತ್ತೆಂದು ನೆನಪು ಮಾಡಿಕೊಂಡು ಬೇಯುತ್ತಾ ಕೂತಳು. ಏಳು ಎರಡಾಯಿತು ಎಂದು ಊರು ಹೇಳಿತು. ಇದರಿಂದಲೇ ಆಯಿತೆಂದು ತನ್ನಿಂದ ಸಾಧಿಸಿ ತೋರಿಸಲಾಗುವುದಿಲ್ಲ ಎಂದು ಡಾಕ್ಟರು ಹೇಳಿದರು. ಅವಳ ಡಬ್ಬಿಯನ್ನು ಅವರು ಮತ್ತೆ ಮೂರು ಸಲ ನೋಡಿದರು, ಮೂರು ಸಲವೂ ಏನೂ ಸಿಗಲಿಲ್ಲ. ಡಿಸೆಂಬರಿನಲ್ಲಿ ಅವರಿಗೆ ವರ್ಗವಾಯಿತು. ಅವರ ವರದಿ ಏನಾಯಿತೆಂದು ಕೋಡಿಹಳ್ಳಿಗೆ ತಿಳಿಯಲಿಲ್ಲ.

ಪಿಳ್ಳಮ್ಮನ ಭಯ ಮಾತ್ರ ಹೋಗಲಿಲ್ಲ. ಮೊಮ್ಮಗಳಿಗೆ ಒಂದು ಸಲ ಭೇದಿಯಾದರೆ ಸಾಕು, ಅವಳು ಮತ್ತೆ ಚಾಪೆ ಎತ್ತಿಕೊಂಡು ಕೊಟ್ಟಿಗೆಯ ಜಗಲಿಗೆ ಹೋಗುತ್ತಿದ್ದಳು. ಭಾಗ್ಯಮ್ಮ ಹೋಗಿ ಕೈಹಿಡಿದು ಕರೆತರುತ್ತಿದ್ದಳು.

ನಲವತ್ತೊಂಬತ್ತನೇ ಇಸವಿಯಲ್ಲಿ ದೇವನಹಳ್ಳಿಯಲ್ಲಿ ಸುತ್ತಿನ ಊರುಗಳ ಸೂಲಗಿತ್ತಿಯರಿಗೆ ಒಂದು ವಾರ ಪಾಠ ನಡೆಯಿತು. ಹೇಳಿಕೊಡುತ್ತಿದ್ದ ನರ್ಸು, ಕೈ ತೊಳೆಯುವುದನ್ನು ಇಷ್ಟು ಚೆನ್ನಾಗಿ ಎಲ್ಲಿ ಕಲಿತಿರಿ ಎಂದು ಪಿಳ್ಳಮ್ಮನನ್ನು ಕೇಳಿದಳು. ಹದಿನೈದು ಹೆಂಗಸರು ಚಾಪೆಯ ಮೇಲೆ ಕೂತಿದ್ದರು. ಐದು ವರ್ಷ ಇಬ್ಬರಿಗೆ ಬಿಟ್ಟು ಮತ್ತಾರಿಗೂ ಹೇಳದಿದ್ದುದನ್ನು ಅವಳು ಅಂದು, ಬೆವರುತ್ತಾ, ನೆಲ ನೋಡಿಕೊಂಡು ಹೇಳಿದಳು. ಪಕ್ಕದಲ್ಲಿದ್ದ ಇಬ್ಬರು ಸ್ವಲ್ಪ ಸರಿದು ಕೂತರು. ಹಿಂದೆ ಕೂತಿದ್ದ ನಲ್ಲೂರಿನ ಬೈರಮ್ಮ ಎಂಬ ಮುದುಕಿ ಸೆರಗು ಬಾಯಿಗೆ ಒತ್ತಿಕೊಂಡು ಎದ್ದು ಹೊರಗೆ ಹೋದಳು.

ಪಿಳ್ಳಮ್ಮ ಅವಳ ಹಿಂದೆಯೇ ಹೋದಳು. ಬೈರಮ್ಮ ಕಾಂಪೌಂಡಿನ ಬೇವಿನ ಮರದ ಕೆಳಗೆ ಕೂತು ತನ್ನ ಕೈಗಳನ್ನೇ ನೋಡುತ್ತಿದ್ದಳು. ಅವಳ ಮನೆಯಲ್ಲಿ ಮೂರು ಮೊಮ್ಮಕ್ಕಳು ಹೋಗಿದ್ದವಂತೆ. ನಿನಗೆ ಆ ಭಯ ಯಾವತ್ತು ಹೋಯಿತು ಎಂದು ಅವಳು ಕೇಳಿದಳು. ಹೋಗಿಲ್ಲ ಎಂದು ಪಿಳ್ಳಮ್ಮ ನಿಜವನ್ನೇ ಹೇಳಿದಳು. ಆಮೇಲೆ ಅಮ್ಮಯಮ್ಮನ ಮಗನ ವಿಷಯ ಹೇಳಿದಳು. ಅವನಿಗೀಗ ಐದು ವರ್ಷ, ಆಡು ಮೇಯಿಸಲು ಅಪ್ಪನ ಹಿಂದೆ ಹೋಗುತ್ತಾನೆ, ಹೇಳಿದ ಮಾತು ಕೇಳುವುದಿಲ್ಲ, ಕಂಡ ಮರ ಹತ್ತುತ್ತಾನೆ. ಬೈರಮ್ಮ ಅವನ ಹೆಸರು ಕೇಳಿದಳು. ಮುನಿಸ್ವಾಮಿ ಎಂದಳು ಪಿಳ್ಳಮ್ಮ. ಒಳಗೆ ನರ್ಸು ಪಾಠ ಮುಂದುವರಿಸಿದ್ದು ಕೇಳಿಸುತ್ತಿತ್ತು. ಬೈರಮ್ಮ ಕಣ್ಣೊರೆಸಿಕೊಂಡು, ಬೂದಿ ಯಾವ ಸೌದೆಯದಾದರೂ ಆಗುತ್ತದೆಯೇ ಎಂದು ಕೇಳಿದಳು. ಯಾವುದಾದರೂ ಆಗುತ್ತದೆ, ಜರಡಿ ಹಿಡಿದುಕೋ ಎಂದು ಪಿಳ್ಳಮ್ಮ ಹೇಳಿಕೊಟ್ಟಳು. ಇಬ್ಬರೂ ಇನ್ನೊಂದು ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದು, ಆಮೇಲೆ ಎದ್ದು ಒಳಗೆ ಹೋದರು.